ಪೆನ್ಸಿಲ್ ಹಿಡಿಯದವರ ನೆನಪನ್ನು ಅಳೆಯುವುದು

ಹಳ್ಳಿಗಳಲ್ಲಿ ವಯಸ್ಸಾದವರ ನೆನಪಿನ ಶಕ್ತಿ ಪರೀಕ್ಷೆ ಮಾಡುವುದು ನನ್ನ ಕೆಲಸ. ನನ್ನ ಮುಂದೆ ಕೂರುವವರಲ್ಲಿ ಸ್ಕೂಲ್ ಮೆಟ್ಟಿಲು ಹತ್ತದವರೇ ಜಾಸ್ತಿ. ಎಲ್ಲ ಕಡೆ ಬಳಸುವ ಎಂಎಂಎಸ್‌ಇ (ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್) 1975ರದ್ದು, 30 ಅಂಕದ ಪರೀಕ್ಷೆ. ಅದರಲ್ಲಿ ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಅಕ್ಷರ ಬಾರದ ಅಜ್ಜಿಗೆ ಅಲ್ಲಿ ಅಂಕ ಹೋದರೆ ಅದು ಮರೆವಲ್ಲ, ಅಲ್ವಾ? 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಇದನ್ನು ಹಳ್ಳಿಯವರಿಗೆ ಒಗ್ಗಿಸಿದರು. ಬರೆಯುವ ಬದಲು ‘ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ’ ಎಂದರು. 20ರಿಂದ ಮೂರು ಮೂರು ಕಳೆಯಲು ಹೇಳಿದರು.

ನಾನು ಮೊದಲು ನೋಡುವುದು ಕಿವಿ, ಕನ್ನಡಕ. ಆಮೇಲೆ ಸೊಸೆಯನ್ನು ‘ಅಕ್ಕಾ, ಸ್ವಲ್ಪ ಕಾಫಿ ಸಿಗುತ್ತಾ?’ ಅಂತ ಒಳಗೆ ಕಳಿಸುತ್ತೇನೆ. ಪಕ್ಕದಲ್ಲಿದ್ದರೆ ಎಲ್ಲ ಉತ್ತರ ಅವರೇ ಹೇಳಿಬಿಡುತ್ತಾರೆ!

‘ತಾತ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಗೊತ್ತೋ ಅಷ್ಟೂ ಹೇಳಿ.’ ಕೊಟ್ಟಿಗೆಯಿಂದ ಶುರು: ದನ, ಎಮ್ಮೆ, ಕುರಿ, ಮೇಕೆ. ಅಲ್ಲಿಗೆ ನಿಂತರು. ಸುಮಾರು ಹೊತ್ತು ಬಿಟ್ಟು ಮತ್ತೆ ದನ, ಎಮ್ಮೆ. ಕಾಡಿನ ಕಡೆ ಹೊರಳಲೇ ಇಲ್ಲ. ಮತ್ತೆ ಹೇಳಿದ್ದಕ್ಕೆ ಅಂಕವಿಲ್ಲ, ಆದರೆ ಅದನ್ನೂ ಬರೆದುಕೊಳ್ಳುತ್ತೇನೆ. ಮೊದಲು ಕಲಿಸಿದ್ದ ಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ. ‘ಅದೊಂದು ಹಣ್ಣು’ ಅಂತ ಸುಳಿವು ಕೊಟ್ಟರೂ ಬರಲಿಲ್ಲ. ನನಗೆ ಒಟ್ಟು ಅಂಕಕ್ಕಿಂತ ಇದೇ ಮುಖ್ಯ. ಬರೀ ವಯಸ್ಸಿನ ಮರೆವಾದರೆ ಸುಳಿವು ಸಿಕ್ಕ ಕೂಡಲೇ ಪದ ಹೊರಬರುವುದೇ ಹೆಚ್ಚು. ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆಯಲ್ಲಿ ಪದ ಒಳಗೆ ಕೂತೇ ಇರುವುದಿಲ್ಲ.

ಆಮೇಲೆ ಸೊಸೆಯನ್ನು ಬೇರೆಯಾಗಿ ಕೂರಿಸಿ ಕೇಳುತ್ತೇನೆ. ಸಂತೆಗೆ ಹೋದರೆ ಚಿಲ್ಲರೆ ಸರಿಯಾಗಿ ತರುತ್ತಾರಾ? ಹಾಲು ಡೈರಿಗೆ ಹಾಕಿದ್ದು ನೆನಪಿರುತ್ತಾ? ಸುಮ್ನೆ ‘ಮರೀತಾರಾ’ ಅಂದರೆ ‘ವಯಸ್ಸಾಯ್ತಲ್ಲ’ ಅನ್ನುತ್ತಾರೆ, ಅಷ್ಟೆ.

ಆಲ್ಝೈಮರ್ಸ್‌ನ ಹೊಸ ಔಷಧಗಳ ಲೆಕ್ಕವೂ ನಿಂತಿರುವುದು ಇಂಥ ಮಾತುಕತೆಯ ಮೇಲೆಯೇ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್ ತೆಗೆದುಕೊಳ್ಳಿ. ರೋಗಿಯನ್ನೂ ಮನೆಯವರನ್ನೂ ಕೇಳಿ ತುಂಬುವ 18 ಅಂಕದ ಅಳತೆಯಲ್ಲಿ, 18 ತಿಂಗಳ ಕೊನೆಗೆ ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45. ಅಷ್ಟು ಸಣ್ಣದನ್ನು ಹಿಡಿಯಬೇಕಾದರೆ ಕೇಳುವವರು ಒಂದೊಂದು ಮನೆಯಲ್ಲಿ ಒಂದೊಂದು ಥರ ಕೇಳುವಂತಿಲ್ಲ. ಅದಕ್ಕೇ ಅದೇ ತಾತನನ್ನು ಮತ್ತೆ ನೋಡುವಾಗ, ಹಿಂದಿನ ಸಲ ಕೇಳಿದ ಪದಗಳ ನೆನಪು ಲೆಕ್ಕ ಕೆಡಿಸಬಾರದು ಅಂತ ಪದಪಟ್ಟಿ ಬದಲಾಯಿಸುತ್ತೇನೆ, ಹೊತ್ತು ಮಾತ್ರ ಅದೇ ಬೆಳಗಿನದು.