ಬೀಡಿ ಕಟ್ಟುವ ಕೈ, ಓಡುವ ಕೋಣ

ಕಂಬಳದಲ್ಲಿ ಓಡುವ ಕೋಣಕ್ಕಿಂತ ಬೀಡಿ ಕಟ್ಟುವ ಕೈಯನ್ನು ಫೋಟೋದಲ್ಲಿ ಹಿಡಿಯುವುದು ಕಷ್ಟ. ಹೇಳಿದರೆ ಯಾರೂ ನಂಬುವುದಿಲ್ಲ. ಮಂಗಳೂರಲ್ಲಿ ಮನೆ ಮಾಡಿಕೊಂಡು 14 ವರ್ಷದಿಂದ ಪತ್ರಿಕೆಗಳಿಗೆ ಫೋಟೋ ತೆಗೆಯುತ್ತಿದ್ದೇನೆ, ನನಗಂತೂ ಹಾಗೇ ಅನಿಸಿದೆ.

ಕಂಬಳದ ಕರೆಯಲ್ಲಿ, ಅಂದರೆ ಕೋಣ ಓಡುವ ಕೆಸರಿನ ದಾರಿಯಲ್ಲಿ, ಎಲ್ಲ ಮೊದಲೇ ಗೊತ್ತಿರುತ್ತದೆ. ಓಟ ಶುರುವಾಗುವ ಗಂತಿನಲ್ಲಿ ಬಿಟ್ಟ ಕೋಣ ನೇರವಾಗಿ ಓಟ ಮುಗಿಯುವ ಮಂಜೊಟ್ಟಿಗೇ ಬರಬೇಕು. ಒಳ್ಳೆಯ ಜೋಡಿಯಾದರೆ 12–14 ಸೆಕೆಂಡಿನ ಆಟ. ರಾತ್ರಿ ದೊಡ್ಡ ಲೈಟ್ ಇರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಜಾಸ್ತಿ ಮಾಡಿ ಶಟರ್ ಸೆಕೆಂಡಿನ 1/1000ಕ್ಕೆ ಇಟ್ಟರೆ ಕೆಸರಿನ ಹನಿಯೂ ನಿಲ್ಲುತ್ತದೆ. ಒಂದು ಓಟ ತಪ್ಪಿತಾ, ಇನ್ನೊಂದು ಜೋಡಿ ಬರುತ್ತದೆ.

ಬೀಡಿ ಹಾಗಲ್ಲ. ಒಂದು ಲೇಖನಕ್ಕಾಗಿ ಮೂಡುಬಿದಿರೆ ಕಡೆಯ ಒಂದು ಮನೆಗೆ ಹೋಗಿದ್ದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ, ತೊಡೆ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಕೂತಿದ್ದರು. ಎಲೆ, ಚಿಟಿಕೆ ಹೊಗೆಸೊಪ್ಪು, ಒಂದು ಸುತ್ತು, ತುದಿ ಮಡಚಿ ನೂಲು. ಮುಗಿಯಿತು. ಮಾತಾಡ್ತಾ ಇದ್ದರು, ಕೈ ಕಡೆ ನೋಡಲೇ ಇಲ್ಲ. ಮೊದಲ ಅರ್ಧ ಗಂಟೆಯಲ್ಲಿ ನಾನು ತೆಗೆದದ್ದರಲ್ಲಿ ಒಂದೂ ಉಪಯೋಗಕ್ಕೆ ಬರುವಂಥದ್ದಲ್ಲ. ಬೆರಳೆಲ್ಲ ಗಂಟು ಹಾಕಿಕೊಂಡ ಹಾಗೆ ಕಾಣುತ್ತಿತ್ತು.

ಕ್ಯಾಮೆರಾ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತೆ. ಆಗ ಗೊತ್ತಾಯಿತು, ನೂಲು ಬಿಗಿಯುವಾಗ ಅವರ ಹೆಬ್ಬೆರಳು ಒಂದು ಕ್ಷಣ ನಿಲ್ಲುತ್ತದೆ. ಪ್ರತಿ ಬೀಡಿಗೂ ಅಷ್ಟೇ ಹೊತ್ತು. ಆಮೇಲೆ ಆ ಕ್ಷಣಕ್ಕೇ ಕಾದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಯಾವ ಅಸೈನ್‌ಮೆಂಟ್‌ಗೆ ಹೋದರೂ ನಾನು ಮೊದಲು ಹುಡುಕುವುದು ಇದನ್ನೇ. ಕೆಲಸಕ್ಕೆ ಒಂದು ಲಯ ಇರುತ್ತದೆ, ಅದರೊಳಗೆ ಒಂದು ಸಣ್ಣ ನಿಲುಗಡೆ ಇರುತ್ತದೆ. ಹಂಚಿನ ಕಾರ್ಖಾನೆಯಲ್ಲಿ ಅದು ತುಂಬ ಸುಲಭ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಉದ್ಯಮ ಅದು. ಪ್ರೆಸ್ ಇಳಿದು ಮೇಲೆದ್ದಾಗ ಹಸಿ ಹಂಚು ಎತ್ತುವ ಕೈ ಬಂದೇ ಬರುತ್ತದೆ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ನಾನು ಕಳೆದಷ್ಟು ರಾತ್ರಿ ಬೇರೆಲ್ಲೂ ಕಳೆದಿಲ್ಲ. ರಂಗಸ್ಥಳಕ್ಕಿಂತ ಚೌಕಿಯೇ ನನಗೆ ಇಷ್ಟ. ಎರಡು ಸಾಲಿನಲ್ಲಿ ಕಲಾವಿದರು ಕೂತಿರುತ್ತಾರೆ, ಎಲ್ಲರೂ ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಾರೆ. ತೆಂಕುತಿಟ್ಟು ಶೈಲಿಯ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಗಂಟೆಗಟ್ಟಲೆ ಬೇಕು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಕಡ್ಡಿಯಿಂದ ಮುಖದ ಮೇಲೆ ಚಿಟ್ಟಿ (ಉಬ್ಬಿದ ಬಿಳಿ ಚುಕ್ಕಿ) ಇಡುತ್ತಾ ಹೋಗಬೇಕು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಕಡ್ಡಿ. ಇಡುವಾಗ ಉಸಿರು ಬಿಗಿ ಹಿಡಿಯುತ್ತಾರೆ. ಇಟ್ಟಾದ ಮೇಲೆ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ ನೋಡಿಕೊಳ್ಳುತ್ತಾರೆ. ಅರ್ಧ ಮುಖ ರಾಕ್ಷಸ, ಇನ್ನರ್ಧ ಬೆಳಿಗ್ಗೆ ಬಸ್ಸಲ್ಲಿ ಬಂದ ಮನುಷ್ಯ. ನನಗೆ ಬೇಕಾದದ್ದು ಆ ನೋಟ.

ಅಲ್ಲಿ ಬೆಳಕಿನದ್ದೇ ಸ್ವಲ್ಪ ತೊಂದರೆ. ಕೆಲವು ಎಲ್‌ಇಡಿ ಬಲ್ಬು ನಮ್ಮ ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ. ಶಟರ್ ಜೋರು ಮಾಡಿದರೆ ಫೋಟೋದಲ್ಲಿ ಪಟ್ಟೆ ಬೀಳುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್‌ದು, ಹಾಗಾಗಿ 1/50 ಇಲ್ಲವೇ 1/100ರಲ್ಲಿ ಇಟ್ಟರೆ ಹೆಚ್ಚಾಗಿ ಸರಿಹೋಗುತ್ತದೆ. 35 ಎಂಎಂ ಲೆನ್ಸ್ ಒಂದೇ ಸಾಕು. ಫ್ಲ್ಯಾಶ್ ನಾನು ಮುಟ್ಟುವುದಿಲ್ಲ.

ಅದಕ್ಕೆ ಕಾರಣ ಉಂಟು. ಮೊದಲ ವರ್ಷ ಬೆಳಗಿನ ಜಾವ ಬಂದರಿನ ದಕ್ಕೆಗೆ ಹೋಗಿದ್ದೆ. ಒಬ್ಬರು ಅಕ್ಕ ಬಂಗುಡೆ ಎಣಿಸಿ ಬುಟ್ಟಿಗೆ ಹಾಕುತ್ತಿದ್ದರು. ಕೇಳದೆ ಫ್ಲ್ಯಾಶ್ ಹೊಡೆದೆ. ಅವರು ತಲೆ ಎತ್ತಿ, "ಎಂಥ ಮಾರಾಯಾ, ಲೆಕ್ಕ ತಪ್ಪಿತಲ್ಲ!" ಅಂದರು. ಬುಟ್ಟಿ ಸುರಿದು ಮತ್ತೆ ಒಂದರಿಂದ ಎಣಿಸಿದರು. ಗಿರಾಕಿ ಕಾಯುತ್ತಿದ್ದ. ನಾನು ಹಾಳು ಮಾಡಿದ್ದು ಅವರ ವ್ಯಾಪಾರದ ಹೊತ್ತನ್ನು. ಆ ಬುಟ್ಟಿ ಸುರಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಇನ್ನು ತೆಗೆಯುವುದಕ್ಕೆ ಏನೂ ಇಲ್ಲದ ಅಸೈನ್‌ಮೆಂಟ್‌ಗಳೂ ಬರುತ್ತವೆ. ಒಮ್ಮೆ ಜೂನ್ ತಿಂಗಳಲ್ಲಿ ಮಲ್ಪೆಯ ಮೀನುಗಾರಿಕೆ ಬೇಕು ಅಂದರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಹೋಗಿ ನೋಡಿದರೆ ಬೋಟುಗಳು ಒಂದಕ್ಕೊಂದು ತಾಗಿ ನಿಂತಿವೆ, ಜಡಿಮಳೆ. ಶೆಡ್ಡಿನೊಳಗೆ ಬಲೆ ರಿಪೇರಿ ನಡೆಯುತ್ತಿತ್ತು. ಕಾಲ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದು ಒಬ್ಬರು ಹೊಲಿಯುತ್ತಿದ್ದರು. ಆ ಕಾಲ್ಬೆರಳೇ ಲೇಖನದ ಮೊದಲ ಫೋಟೋ ಆಯಿತು. ಆ ಮಳೆಗಾಲ ನನ್ನ 85 ಎಂಎಂ ಲೆನ್ಸಿಗೆ ಬೂಷ್ಟು ಹಿಡಿಯಿತು. ಈಗ ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ.

ಫೋಟೋದಷ್ಟೇ ಅದರ ಅಡಿಬರಹವೂ ನನಗೆ ಮುಖ್ಯ. ಒಮ್ಮೆ ಒಂದು ಪತ್ರಿಕೆಯಲ್ಲಿ ಕಲಾವಿದರೊಬ್ಬರ ಹೆಸರು ತಪ್ಪಾಗಿ ಬಂತು. ಅವರು ಜಗಳ ಮಾಡಲಿಲ್ಲ, "ಪರವಾಗಿಲ್ಲ" ಅಂದರು. ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಅಂದಿನಿಂದ ನನ್ನ ಪುಸ್ತಕದಲ್ಲಿ ಅವರವರ ಹೆಸರನ್ನು ಅವರಿಂದಲೇ ಬರೆಸುತ್ತೇನೆ.

ಬೀಡಿ ಅಕ್ಕನ ಮುಂದೆಯೂ ಪುಸ್ತಕ ಇಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ನಿಧಾನಕ್ಕೆ ಬರೆದರು. ಬೀಡಿಗೆ ಹಿಡಿದದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಪುಸ್ತಕ ವಾಪಸ್ ಕೊಡುತ್ತಾ, "ಆದಿತ್ಯವಾರ ಮಕ್ಕಳೆಲ್ಲ ಮನೆಯಲ್ಲಿರ್ತಾರೆ, ಆಗ ಬನ್ನಿ. ಬೀಡಿ ಇಲ್ಲದೆ ಒಂದು ಫೋಟೋ ತೆಗೀಬೇಕು" ಅಂದರು. ಹೋದೆ.