ರಗ್ಗಿನ ಬೆನ್ನು ನೋಡದೆ ತಂದು ನಾನು ಪಟ್ಟ ಪಾಡು

2020ರ ಅಕ್ಟೋಬರ್. ಲಾಕ್‌ಡೌನ್‌ನಿಂದ ಬೀಗ ಹಾಕಿದ್ದ ಉಪ್ಪರಿಗೆಯ ಕೋಣೆ ತೆಗೆದು, ಮಂಚದ ಪಕ್ಕದ ರಗ್ ಎತ್ತಲು ಹೋದೆ. ಬರಲಿಲ್ಲ. ಜೋರಾಗಿ ಎಳೆದೆ, ಚರ್ ಅಂತ ಸದ್ದಾಯಿತು, ರಗ್ ಕೈಗೆ ಬಂತು. ಅದರ ಬೆನ್ನಿಗಿದ್ದ ರಬ್ಬರ್ ಚುಕ್ಕಿಗಳು ಮಾತ್ರ ನೆಲದಲ್ಲೇ ಉಳಿದವು. ಸಾಲು ಸಾಲಾಗಿ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ.

ನಮ್ಮದು ಮೂಡಿಗೆರೆ ಹತ್ತಿರದ ಹಳೇ ತೋಟದ ಮನೆ. ಕೆಳಗೆ ರೆಡ್ ಆಕ್ಸೈಡ್ ನೆಲ, ಉಪ್ಪರಿಗೆಯಲ್ಲಿ ಹಲಗೆ ನೆಲ. ಮೇಲಿನ ಮೂರು ಕೋಣೆಗಳಲ್ಲಿ ಎರಡಕ್ಕೆ ತೇಗ, ಒಂದಕ್ಕೆ ಹೊನ್ನೆ. 2019ರಲ್ಲಿ ಹೋಮ್‌ಸ್ಟೇ ಮಾಡೋಣ ಅಂತ ತೇಗದ ಕೋಣೆಗಳಿಗೆ ಪಿಯು ಪಾಲಿಶ್, ಅಂದರೆ ಪಾಲಿಯುರಥೇನ್ ಪಾಲಿಶ್, ಹೊಡೆಸಿದೆವು. ಹೊನ್ನೆ ಕೋಣೆ ನಮ್ಮ ಮಾವನವರದ್ದು. "ಅದನ್ನ ಮುಟ್ಟಬೇಡಮ್ಮ, ಹಂಗೇ ಇರಲಿ" ಎಂದರು, ಅದು ಬರಿ ಮರವಾಗಿಯೇ ಉಳಿಯಿತು. ಹಲಗೆ ಮೇಲೆ ಯಾರಾದರೂ ನಡೆದರೆ ಕೆಳಗೆ ಮಲಗಿದವರಿಗೆ ಡಬ ಡಬ ಕೇಳುತ್ತದೆ, ಅದಕ್ಕೇ ರಗ್ ಬೇಕಾಯಿತು. ಪೇಟೆಗೆ ಹೋದೆ, ಬಣ್ಣ ನೋಡಿದೆ, ಕಾಲಿಗೆ ಮೆತ್ತಗಿದೆಯಾ ನೋಡಿದೆ, ರೇಟು ನೋಡಿದೆ. ತಿರುಗಿಸಿ ಮಾತ್ರ ನೋಡಲಿಲ್ಲ.

ಆ ಚುಕ್ಕಿಗಳ ಕಥೆ ಮುಗಿಸಿಬಿಡುತ್ತೇನೆ. ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಎರಡು ದಿನ ಉಜ್ಜಿದೆ. ಅಂಟು ಹೋಯಿತು, ಹಳದಿ ಕಲೆ ಹೋಗಲಿಲ್ಲ. ಮನೆ ಕೆಲಸಕ್ಕೆ ಬರುವ ಆಚಾರ್ರು ಉಗುರಲ್ಲಿ ಕೆರೆದು ನೋಡಿ, "ಅಮ್ಮಾ, ಇದು ಕೊಳೆ ಅಲ್ಲ, ಪಾಲಿಶ್ ಒಳಗೇ ಇಳಿದಿದೆ. ಹೆರೀಬೇಕು, ಮತ್ತೆ ಹೊಡೀಬೇಕು" ಎಂದರು. ಹಳೇ ಹಲಗೆಯನ್ನು ಎಷ್ಟು ಸಲ ಅಂತ ಹೆರೆಯುವುದು? ಪ್ರತಿ ಸಲ ಮರ ಸವೆಯುತ್ತದೆ. ಒಂದು ಕೋಣೆ ಮಾತ್ರ ಮಾಡಿಸಿದೆವು.

ಯಾಕೆ ಹೀಗಾಯಿತು ಅಂತ ಆಮೇಲೆ ಕೂತು ಓದಿದೆ. ಇಂಥ ರಗ್‌ಗಳ ಬೆನ್ನಿಗೆ ಪಿವಿಸಿ ಇಲ್ಲವೇ ರಬ್ಬರ್ ಹಾಕಿರುತ್ತಾರೆ. ಪಿವಿಸಿ ಅನ್ನುವ ಪ್ಲಾಸ್ಟಿಕ್ ತಾನಾಗಿ ಗಟ್ಟಿ, ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ಅದು ಮೆಲ್ಲಗೆ ಹೊರಗೆ ಜಿನುಗಿ ಪಾಲಿಶ್‌ಗೆ ಇಳಿಯುತ್ತದೆ, ಪಾಲಿಶ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ರಬ್ಬರ್‌ನದ್ದು ಇನ್ನೊಂದು ರಗಳೆ. ಬೇಗ ಹಾಳಾಗದಿರಲಿ ಅಂತ ಅದಕ್ಕೆ ಸೇರಿಸುವ ಆಂಟಿಆಕ್ಸಿಡೆಂಟ್‌ಗಳೇ ಪಾಲಿಶ್‌ಗೆ ಹಳದಿ ಕಲೆ ಮಾಡುತ್ತವೆ. ಪಕ್ಕದ ತೋಟದವರು "ಸುಳ್ಯದ ಕಡೆ ರಬ್ಬರ್ ತಗೊಳ್ಳಿ, ಅದು ನ್ಯಾಚುರಲ್ ಅಲ್ವಾ" ಎಂದರು. ನ್ಯಾಚುರಲ್ ಆದರೂ ಶೀಟ್ ಮಾಡುವಾಗ ಬೇರೆ ಏನೇನೋ ಸೇರುತ್ತದೆ. ಎಷ್ಟೋ ಕಡೆ ನಡೆಯುತ್ತದಂತೆ, ಆದರೆ ನನ್ನ ನೆಲದ ಮೇಲೆ ಬೇಡ ಅಂತ ಬಿಟ್ಟೆ. ಇನ್ನು ಕೆಲವು ರಗ್‌ಗಳ ಬೆನ್ನಿಗೆ ಬಿಳಿ ಲೇಟೆಕ್ಸ್ ಬಳಿದಿರುತ್ತಾರೆ, ಅದು ವರ್ಷ ಕಳೆದಂತೆ ಒಣಗಿ ಹಿಟ್ಟಿನ ಹಾಗೆ ಉದುರುತ್ತದೆ.

ತಪ್ಪು ರಗ್‌ನದ್ದು ಮಾತ್ರ ಅಲ್ಲ, ನನ್ನದೂ ಇತ್ತು. ಪಾಲಿಶ್ ಹೊಡೆದ ಒಂದೇ ವಾರಕ್ಕೆ ರಗ್ ಹಾಸಿಬಿಟ್ಟಿದ್ದೆ. ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಎರಡನೇ ಸಲ 30 ದಿನ ಏನೂ ಹಾಸದೆ ಬಿಟ್ಟೆ. ಅಷ್ಟು ದಿನ ಕೆಳಗಿನವರು ಡಬ ಡಬ ಕೇಳಿಸಿಕೊಂಡರು, ಏನು ಮಾಡೋದು.

ಇಷ್ಟಾದ ಮೇಲೆ ಬುದ್ಧಿ ಬಂತು ಅಂದುಕೊಂಡು ಮಾವನ ಕೋಣೆಗೆ ಸೆಣಬಿನ ರಗ್ ತಂದೆ. ಬೆನ್ನಿಗೆ ಏನೂ ಇಲ್ಲ, ಬರಿ ಸೆಣಬು. ನೋಡಲು ಚೆಂದ, ರೇಟೂ ಕಡಿಮೆ. ಜುಲೈನಲ್ಲಿ ಕಿಟಕಿ ಸಂದಿಯಿಂದ ಇರಚಲು ಹೊಡೆದು ಒಂದು ಮೂಲೆ ನೆನೆದಿದೆ, ಯಾರೂ ನೋಡಿಲ್ಲ. ವಾಸನೆ ಬಂದ ಮೇಲೆ ಎತ್ತಿದರೆ, ರಗ್‌ನ ಕೆಳಗಡೆ ಪೂರ್ತಿ ಕಾಫಿ ಚೆಲ್ಲಿದ ಹಾಗೆ ಕಲೆ. ಕಾಫಿ ಯಾರೂ ಚೆಲ್ಲಿರಲಿಲ್ಲ, ಅದು ಹೊನ್ನೆ ಬಿಟ್ಟ ಬಣ್ಣ. ಸಕ್ಕರೆ ಕಾಯಿಲೆಯವರು ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದನ್ನು ನೋಡಿರುತ್ತೀರಿ, ಬೆಳಗಾಗುವಷ್ಟರಲ್ಲಿ ಆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದೇ ಮರ, ಅದೇ ಕೆಲಸ. ಮೇಲೆ ಪಾಲಿಶ್ ಬೇರೆ ಇಲ್ಲ. ಸೆಣಬಾದರೂ ಕಡಿಮೆಯೇನಲ್ಲ, ನೀರು ಬಿದ್ದರೆ ಅದೂ ತನ್ನ ಕಂದು ಬಣ್ಣ ಬಿಡುತ್ತದೆ, ಒಣಗಲು ದಿನಗಟ್ಟಲೆ ಬೇಕು. ಹಲಗೆಯ ಅಂಚುಗಳು ಸ್ವಲ್ಪ ಮೇಲೆದ್ದಿದ್ದವು, ಕೈ ಆಡಿಸಿದರೆ ಗೊತ್ತಾಗುತ್ತಿತ್ತು. ಬೇಸಿಗೆಗೆ ತಾನಾಗೇ ಕೂತುಕೊಂಡವು, ಪುಣ್ಯ. ಮಾವ ಏನೂ ಅನ್ನಲಿಲ್ಲ. ಏನೂ ಅನ್ನದೇ ಇದ್ದದ್ದೇ ಜಾಸ್ತಿ ಅನ್ನಿಸಿತು.

ಸೆಣಬಿನದ್ದು ಆ ಕಥೆ. ನಾರಿನ ಮ್ಯಾಟ್? ಅರಸೀಕೆರೆ ಕಡೆ ತೆಂಗು, ತೆಂಗಿನ ನಾರು ಧಾರಾಳ, ನಾನೂ ಎರಡು ತಂದಿದ್ದೆ. ಕೈಯಲ್ಲಿ ಉಜ್ಜಿ ನೋಡಿ, ಬ್ರಷ್ ಇದ್ದ ಹಾಗಿದೆ. ಪಾಲಿಶ್ ಮೇಲೆ ಅದು ಹರಿದಾಡಿದರೆ ಗೀರು ಗ್ಯಾರಂಟಿ. ಆದರೆ ಅದರ ಜಾಗ ಬೇರೆ. ಉಪ್ಪರಿಗೆ ಮೆಟ್ಟಿಲ ಬುಡದಲ್ಲಿ, ರೆಡ್ ಆಕ್ಸೈಡ್ ಮೇಲೆ ಹಾಕಿದ್ದೇನೆ. ತೋಟದಿಂದ ಬಂದ ಕಾಲಿನ ಮಣ್ಣು ಅಲ್ಲೇ ನಿಲ್ಲಬೇಕು. ಈ ಮಣ್ಣಿನ ವಿಷಯ ಜನ ಯೋಚಿಸುವುದೇ ಇಲ್ಲ. ರಗ್ ಎಷ್ಟೇ ಮೆತ್ತಗಿರಲಿ, ಅದರ ನೇಯ್ಗೆಯೊಳಗಿಂದ ಇಳಿದ ಮರಳು ಕೆಳಗೆ ಕೂತರೆ ಮೇಲೆ ನಡೆದವರೆಲ್ಲ ಮರಳು ಕಾಗದ ಉಜ್ಜಿದ ಹಾಗೇ. ವಾರಕ್ಕೊಮ್ಮೆ ರಗ್ ಎತ್ತಿ ಕೆಳಗೆ ಗುಡಿಸುತ್ತೇವೆ. ಮೇಲಷ್ಟೇ ಗುಡಿಸಿದರೆ ಸಾಲದು.

ಈಗ ಹಾಸಿರುವುದು ಹತ್ತಿ ಜಮಖಾನ. ಧಾರವಾಡ ಜಿಲ್ಲೆ ನವಲಗುಂದದ್ದು ಒಂದು, ಅಲ್ಲಿ ಹೆಂಗಸರೇ ಮಗ್ಗದ ಮುಂದೆ ಕೂತು ನೇಯುತ್ತಾರೆ, ಪಗಡೆ ಹಾಸಿನ ವಿನ್ಯಾಸ, ಆ ಊರಿನದ್ದೇ ಅನ್ನುವ ಗುರುತು, ಜಿಐ ಟ್ಯಾಗ್ ಕೂಡ ಇದೆ. ಉಳಿದವು ಸಾದಾ ಜಮಖಾನಗಳು. ನನಗೆ ಬೇಕಾಗಿದ್ದ ಗುಣ ಒಂದೇ, ಅದಕ್ಕೆ ಬೆನ್ನು ಅನ್ನೋದೇ ಇಲ್ಲ. ಎರಡೂ ಕಡೆ ನೂಲೇ. ಗಾಳಿ ಆಡುತ್ತದೆ, ಒದ್ದೆಯಾದರೆ ಬೇಗ ಒಣಗುತ್ತದೆ, ಒಂದು ಕಡೆ ಕೊಳೆಯಾದರೆ ತಿರುಗಿಸಿ ಹಾಕಬಹುದು.

ತೆಳು ಜಮಖಾನಕ್ಕೆ ಎರಡು ಕೊರತೆ. ಸದ್ದು ತಡೆಯಲ್ಲ, ಜಾರುತ್ತದೆ. ಅದರ ಕೆಳಗೆ ಫೆಲ್ಟ್, ಅಂದರೆ ನಾರನ್ನು ಒತ್ತಿ ಮಾಡಿದ ದಪ್ಪ ಹಾಸು, ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯಾದ ಮಾತೇ, ಒಂದು ಕೋಣೆಗೆ ಬೆಂಗಳೂರಿಂದ ತರಿಸಿದ್ದೇನೆ. ಇನ್ನೊಂದಕ್ಕೆ ಹೊಳೆದದ್ದು ಕಂಬಳಿ. ಮಾವ ಮಳೆಗಾಲದಲ್ಲಿ ತೋಟಕ್ಕೆ ಹೊದ್ದು ಹೋಗುತ್ತಿದ್ದ ಹಳೇ ಕರಿ ಕಂಬಳಿ ಅಟ್ಟದಲ್ಲಿ ಬಿದ್ದಿತ್ತು. ಕುರಿ ಉಣ್ಣೆ, ದಪ್ಪ. ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆಯಲ್ಲಿ ತಿಕ್ಕಿದೆ, ಬರಿ ಧೂಳು ಬಂತು. ಅದು ಹಾಕಿದ ಬಣ್ಣ ಅಲ್ಲ, ಕುರಿಯದ್ದೇ ಬಣ್ಣ. ಒಗೆದು, ಬಿಸಿಲಿಗೆ ಹಾಕಿ, ಜಮಖಾನಕ್ಕಿಂತ ಸುತ್ತ ಒಂದೊಂದು ಇಂಚು ಕಮ್ಮಿ ಬರುವ ಹಾಗೆ ಕತ್ತರಿಸಿದೆ. ಹಾಗೆ ಮಾಡಿದರೆ ಅಂಚು ನೆಲಕ್ಕೆ ಕೂರುತ್ತದೆ, ಕಾಲಿಗೆ ತೊಡರಲ್ಲ. ಕಂಬಳಿಯ ಒರಟು ಉಣ್ಣೆ ಜಮಖಾನವನ್ನು ಹಿಡಿದುಕೊಳ್ಳುತ್ತದೆ. ಸದ್ದು ಅರ್ಧಕ್ಕರ್ಧ ಇಳಿಯಿತು. ಒಂದು ಕಿರಿಕಿರಿ ಇದೆ, ಉಣ್ಣೆಗೆ ಹುಳ ಬೀಳುತ್ತದೆ. ತಿಂಗಳಿಗೊಮ್ಮೆ ಎತ್ತಿ ಒದರಲೇಬೇಕು.

ಆದರೂ ಫೆಲ್ಟ್, ಕಂಬಳಿ ಎರಡೂ ನೆಲಕ್ಕೆ ಕಚ್ಚಿಕೊಳ್ಳಲ್ಲ. ನಾನು ಮಾಡಿದ್ದು ಸುಲಭದ ಉಪಾಯ, ಮಂಚದ ಎರಡು ಕಾಲು ರಗ್ ಮೇಲೆ ಬರುವಷ್ಟು ದೊಡ್ಡದನ್ನೇ ತಂದೆ. ಮಂಚದ ಭಾರಕ್ಕೆ ಅದು ಅಲ್ಲಾಡಲ್ಲ. ಮಂಚದ ಪಕ್ಕ ಹಾಸುವ ಪುಟ್ಟ ರಗ್‌ಗಳನ್ನು ಪೂರ್ತಿ ಬಿಟ್ಟೆ. ಒಬ್ಬ ಅತಿಥಿ ರಾತ್ರಿ ಎದ್ದು ಕಾಲಿಟ್ಟವರು ರಗ್ ಸಮೇತ ಬಾಗಿಲವರೆಗೆ ಹೋಗಿದ್ದರು, ಏನೂ ಆಗಲಿಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು. ಡಬಲ್ ಸೈಡ್ ಟೇಪ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಟೇಪ್ ಕೀಳುವಾಗ ಪಾಲಿಶ್ ಸಿಪ್ಪೆಯ ಹಾಗೆ ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ.

ಈಗ ಅಂಗಡಿಗೆ ಹೋದರೆ ಮೊದಲು ರಗ್ ಮಗುಚುತ್ತೇನೆ. ಬೆನ್ನಿಗೆ ಮೂಗಿಟ್ಟು ಮೂಸುತ್ತೇನೆ, ಹೊಸ ಚಪ್ಪಲಿ ಅಂಗಡಿ ವಾಸನೆ ಬಂದರೆ ವಾಪಸ್. ಉಗುರಲ್ಲಿ ಕೆರೆದು ಪುಡಿ ಬೀಳುತ್ತದಾ ನೋಡುತ್ತೇನೆ. ಒದ್ದೆ ಕರವಸ್ತ್ರದಲ್ಲಿ ಕೆಂಪು, ನೀಲಿ ಪಟ್ಟೆಗಳನ್ನು ತಿಕ್ಕುತ್ತೇನೆ. ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ. ಮನೆಗೆ ತಂದ ಮೇಲೂ ಅನುಮಾನ ಇದ್ದರೆ, ಬೀರುವಿನ ಹಿಂದೆ ಯಾರಿಗೂ ಕಾಣದ ಜಾಗದಲ್ಲಿ ಅದರ ಮೂಲೆ ಹಾಸಿ, ಮೇಲೆ ಒಂದು ಇಟ್ಟಿಗೆ ಹೇರಿ ಒಂದು ತಿಂಗಳು ಬಿಡುತ್ತೇನೆ. ಕಲೆ ಆಗುವುದಿದ್ದರೆ ಅಲ್ಲೇ ಆಗಲಿ.

ಬಿಸಿಲಿನದ್ದೂ ಒಂದು ಮಾತು. ಬೆಳಕು ಬಿದ್ದ ಕಡೆ ಮರದ ಬಣ್ಣ ನಿಧಾನವಾಗಿ ಬದಲಾಗುತ್ತದೆ, ರಗ್ ಮುಚ್ಚಿದ ಕಡೆ ಹಾಗೇ ಇರುತ್ತದೆ. ಪೂರ್ವದ ಕಿಟಕಿಯ ಕೋಣೆಯಲ್ಲಿ ರಗ್ ಎತ್ತಿದಾಗ ಅದೇ ಅಳತೆಯ ಚೌಕ ಕಂಡು, ಇದ್ಯಾವ ಹೊಸ ಕಲೆ ಅಂತ ಗಾಬರಿಯಾಗಿತ್ತು. ಹೆರೆಸಬೇಕಾಗಿಲ್ಲ, ಕೆಲವು ತಿಂಗಳು ಬೆಳಕಿಗೆ ಬಿಟ್ಟರೆ ಬಹುಪಾಲು ಹೊಂದಿಕೊಳ್ಳುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ರಗ್ ಸ್ವಲ್ಪ ಸರಿಸುತ್ತೇನೆ.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅತಿಥಿಗಳು ಇಲ್ಲದ ಕೋಣೆಯಲ್ಲಿ ಏನನ್ನೂ ಹಾಸುವುದಿಲ್ಲ. ಸುತ್ತಿ ಮಂಚದ ಮೇಲೆ ಇಡುತ್ತೇವೆ. ಅತಿಥಿಗಳಿದ್ದರೆ ಮೂರು ದಿನಕ್ಕೊಮ್ಮೆ ಮೂಲೆ ಎತ್ತಿ ಅಂಗೈ ಇಟ್ಟು ನೋಡುವುದು. ತಣ್ಣಗಿದ್ದರೆ ಎತ್ತಿಬಿಡುವುದು. ಡಿಸೆಂಬರ್‌ನಲ್ಲಿ ಕಣಕ್ಕೆ ಕಾಫಿ ಹರಡುವಾಗ ಪಕ್ಕದಲ್ಲಿ ಜಮಖಾನಗಳೂ ಬಿಸಿಲು ಕಾಯುತ್ತವೆ.

ಹೆರೆಸದೆ ಬಿಟ್ಟ ಕೋಣೆಯಲ್ಲಿ ಆ ಹಳದಿ ಚುಕ್ಕಿಗಳು ಇನ್ನೂ ಇವೆ, ಕಂಬಳಿ ಹಾಸಿರುವುದು ಅಲ್ಲೇ. ಹೋದ ವಾರ ಮಾವ ಜಮಖಾನದ ಮೂಲೆ ಎತ್ತಿ ನೋಡಿ, "ಇದು ನನ್ನ ಕಂಬಳಿ ಅಲ್ವೇನಮ್ಮ?" ಎಂದರು. ಹೌದು ಮಾವ ಎಂದೆ. ಈ ಸಲ ಮಳೆ ಹಿಡಿಯುವ ಮೊದಲು ಅವರಿಗೊಂದು ಹೊಸ ಕಂಬಳಿ ತರಬೇಕು.