402 ಮೀಟರ್ ಓಟಕ್ಕೆ 8 ಲೀಟರ್ ಟ್ಯಾಂಕ್

ಡ್ರ್ಯಾಗ್ ರೇಸ್ ಅಂದ್ರೆ ಕಾಲು ಮೈಲಿ, 402 ಮೀಟರ್ ನೇರ ಓಟ. ಅದಕ್ಕೆ ಎಷ್ಟು ಪೆಟ್ರೋಲ್ ಬೇಕು ಹೇಳಿ? ಆದರೂ ನನ್ನ ಹಳೇ ಮಾರುತಿ ಎಸ್ಟೀಮ್ ಕಾರನ್ನು ರೇಸಿಗೆ ಸಜ್ಜು ಮಾಡುವಾಗ ಎಂಜಿನ್‌ಗಿಂತ ಜಾಸ್ತಿ ತಲೆ ತಿಂದದ್ದು ಟ್ಯಾಂಕೇ.

ಗಾಡಿ ಬಿಟ್ಟ ಕ್ಷಣ ಪೆಟ್ರೋಲೆಲ್ಲ ಹಿಂದಕ್ಕೆ ನುಗ್ಗುತ್ತದೆ. ಅರ್ಧ ಜಿ (ಜಿ ಅಂದ್ರೆ ಭೂಮಿಯ ಗುರುತ್ವದಷ್ಟು ಎಳೆತ) ಎಳೆತಕ್ಕೇ ಅದರ ಮಟ್ಟ ಸುಮಾರು 27 ಡಿಗ್ರಿ ಓರೆಯಾಗುತ್ತದೆ, ಒಂದು ಜಿ ಆದರೆ 45. ಪಂಪ್ ಎಳೆಯುವ ಬಾಯಿ ಮುಂದೆ ಇದ್ದರೆ ಬರೀ ಗಾಳಿ ಸಿಗುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಳಿ ಒತ್ತಡ ಕುಸಿಯುತ್ತದೆ, ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಅದೂ ಫುಲ್ ಆಕ್ಸಿಲರೇಟರ್ ಒತ್ತಿದ ಹೊತ್ತಿನಲ್ಲೇ! ಪಿಸ್ಟನ್ ಕರಗೋದು ಹೀಗೇ. ದೊಡ್ಡ ಪಂಪ್ ಹಾಕಿ ಅನ್ನುವವರಿದ್ದಾರೆ. ಅದು ಗಾಳಿಯನ್ನು ಇನ್ನೂ ಜೋರಾಗಿ ಎಳೆಯುತ್ತದೆ, ಅಷ್ಟೇ.

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಗೊತ್ತಿರುವ ವೆಲ್ಡರ್ ಚಾಚಾ ಇದ್ದಾರೆ. ಅವರ ಹತ್ತಿರ 3 ಎಂಎಂ ಅಲ್ಯೂಮಿನಿಯಂ ಶೀಟಿನಲ್ಲಿ 8 ಲೀಟರಿನ ಟ್ಯಾಂಕ್ ಮಾಡಿಸಿದೆ, ಆರ್ಗಾನ್ ವೆಲ್ಡಿಂಗ್. "ಇಷ್ಟ್ ಸಣ್ಣ ಟಾಕಿ ಹಾಕ್ಕೊಂಡು ಯಾವೂರಿಗೆ ಹೋಗ್ತೀರಿ?" ಅಂತ ನಕ್ಕರು. ತುಂಬಿದರೂ ಪೆಟ್ರೋಲಿನ ಭಾರ ಆರು ಕಿಲೋ ಅಷ್ಟೇ ಚಾಚಾ, ಅಂದೆ.

ಟ್ಯಾಂಕಿನ ಹಿಂಬದಿ ತಳದಲ್ಲಿ ಬೊಗಸೆಯಂಥ ತಗ್ಗು, ಅದೇ ಸಂಪ್. ಪಂಪಿನ ಪೈಪ್ ಹೊರಡುವುದು ಅದರ ಹಿಂಗೋಡೆಯಿಂದ. ಪೆಟ್ರೋಲ್ ಜೋರಾಗಿ ತುಳುಕದಂತೆ ನಡುವೆ ತೂತು ಕೊರೆದ ಅಡ್ಡ ಶೀಟ್. ರಿಟರ್ನ್ ಪೈಪ್ ದೂರದಲ್ಲಿ, ಮುಂದೆ. ಹತ್ತಿರ ಇಟ್ಟರೆ ವಾಪಸ್ ಬರುವ ಪೆಟ್ರೋಲಿನ ನೊರೆಯನ್ನೇ ಪಂಪ್ ಮತ್ತೆ ಎಳೆಯುತ್ತದೆ.

ಪೆಟ್ರೋಲ್ ಹಾಕುವ ಮೊದಲೇ ಲೀಕ್ ಟೆಸ್ಟ್ ಮುಗಿಸಬೇಕು. ಒಮ್ಮೆ ಪೆಟ್ರೋಲ್ ಕಂಡ ಟ್ಯಾಂಕನ್ನು ಸುಮ್ನೆ ನೀರಲ್ಲಿ ತೊಳೆದು ವೆಲ್ಡಿಂಗಿಗೆ ಕೊಟ್ಟರೆ ಬಾಂಬ್ ಕೊಟ್ಟಂತೆಯೇ. ಸೈಕಲ್ ಪಂಪಿನಿಂದ 2–3 ಪಿಎಸ್‌ಐ ಗಾಳಿ ಬಿಟ್ಟು ಸೋಪಿನ ನೀರು ಸವರಿದೆವು. ಸಂಪಿನ ಮೂಲೆಯಲ್ಲಿ ಸಣ್ಣ ಗುಳ್ಳೆ, ಒಂದರ ಹಿಂದೊಂದು. ಚಾಚಾ ಕನ್ನಡಕ ಏರಿಸಿ, ಬೆರಳಿಂದ ಒರೆಸಿ ನೋಡಿದರು. ಮತ್ತೆ ಗುಳ್ಳೆ. ಏನೂ ಮಾತಾಡದೆ ವೆಲ್ಡಿಂಗ್ ಟಾರ್ಚ್ ಎತ್ತಿಕೊಂಡರು.

ಡಿಕ್ಕಿಯಲ್ಲಿ ರಬ್ಬರ್ ಹಾಸಿ, ಕಬ್ಬಿಣದ ಪಟ್ಟಿಯಿಂದ ಬಿಗಿದೆ. ಸೀಟಿನ ಹಿಂದೆ ಪೂರ್ತಿ ತಗಡಿನ ಗೋಡೆ, ಕಿಂಡಿಗಳಿಗೆಲ್ಲ ಸೀಲ್. ಟ್ಯಾಂಕಿಗೆ ಗಾಳಿಯಾಡುವ ವೆಂಟ್ ಪೈಪ್ ಗಾಡಿಯ ಕೆಳಗೆ ಹೊರಗೆ ಹೋಗುತ್ತದೆ, ಅದರಲ್ಲಿ ರೋಲ್‌ಓವರ್ ವಾಲ್ವ್. ಗಾಡಿ ಮಗುಚಿದರೂ ಪೆಟ್ರೋಲ್ ಸುರಿಯಬಾರದಲ್ವಾ? ಹೋಸ್ ಮಾತ್ರ ಎಥನಾಲ್ ತಾಳುವಂಥದ್ದೇ ಇರಲಿ. ಈಗಿನ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಹಳೇ ರಬ್ಬರ್ ಉಬ್ಬುತ್ತದೆ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ನಮಗೆ ಹೊಸದಲ್ಲ. ಸಣ್ಣ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ಸುತ್ತುತ್ತಿದ್ದರೆ ಪಂಪಿನ ಶಾಖವೂ ಸೇರಿ ಆವಿ ಕಟ್ಟುತ್ತದೆ. ಅದಕ್ಕೇ ಸಾಲಿನಲ್ಲಿ ಕಾಯುವಾಗ ಪಂಪ್ ಆಫ್ ಮಾಡಿ, ಡಿಕ್ಕಿ ತೆರೆದಿಡುತ್ತೇನೆ. ತುಂಬುವುದು 6 ಲೀಟರ್ ಮಾತ್ರ, ಮೇಲೆ ಹಿಗ್ಗಲು ಜಾಗ ಇರುತ್ತದೆ.